ಬಿಸಿಲಿದ್ದರೂ ಸೋಲಾರ್ ಪಂಪ್ ನೀರು ಕಡಿಮೆ ಎತ್ತುತ್ತಿದೆಯೇ? ಪ್ಯಾನಲ್ ಹಿಂದಿನ ಡಯೋಡ್ ನೋಡಿ

ಬಿಸಿಲು ಚೆನ್ನಾಗಿದೆ, ಪ್ಯಾನಲ್ ತೊಳೆದಿದ್ದೀರಿ, ಬೋರ್‌ನಲ್ಲಿ ನೀರೂ ಇದೆ. ಆದರೂ ಪಂಪ್ ಮೊದಲಿನಷ್ಟು ನೀರು ಎತ್ತುತ್ತಿಲ್ಲ. ಬೆಳಗ್ಗೆ ಶುರುವಾಗೋದು ತಡ, ಸಂಜೆ ನಿಲ್ಲೋದು ಬೇಗ. ಟೊಮೆಟೊ ಹೂವಿನ ಹಂತದಲ್ಲಿದ್ದಾಗ ಹೀಗಾದರೆ ವಾರದೊಳಗೆ ಹೂವು ಉದುರೋಕೆ ಶುರುವಾಗುತ್ತೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಕಳೆದ ಮೇಲೆ ನನಗೆ ಇಂಥ ಫೋನ್ ಹೆಚ್ಚು ಬರುತ್ತವೆ. ಬಹಳ ಜನ ಮೊದಲು ಮೋಟಾರ್ ಎತ್ತಿಸಲು ಹೊರಡುತ್ತಾರೆ. ಅದಕ್ಕೆ ದುಡ್ಡು ಸುರಿಯುವ ಮೊದಲು ಪ್ಯಾನಲ್ ಹಿಂದಿನ ಕಪ್ಪು ಡಬ್ಬಿಯೊಳಗೆ ಕೂತಿರುವ ಡಯೋಡ್ ಬಗ್ಗೆ ಸ್ವಲ್ಪ ತಿಳಿದುಕೊಳ್ಳಿ.

ಡಯೋಡ್ ಅಂದರೆ ಕರೆಂಟಿನ ಎನ್‌ಆರ್‌ವಿ ವಾಲ್ವ್. ಪೈಪಿನ ಎನ್‌ಆರ್‌ವಿ ನೀರನ್ನು ಒಂದೇ ಕಡೆಗೆ ಬಿಡುತ್ತೆ, ವಾಪಸ್ ಬರೋಕೆ ಬಿಡಲ್ಲ. ಡಯೋಡ್ ಕೂಡ ಹಾಗೆಯೇ. ಎನ್‌ಆರ್‌ವಿಯ ಸ್ಪ್ರಿಂಗ್ ತಳ್ಳಲು ಸ್ವಲ್ಪ ಪ್ರೆಶರ್ ಬೇಕಲ್ವಾ, ಹಾಗೆ ಸಾಮಾನ್ಯ ಸಿಲಿಕಾನ್ ಡಯೋಡ್ ತೆರೆಯಲು ಸುಮಾರು 0.6 ವೋಲ್ಟ್ ಬೇಕು. ಸೋಲಾರ್ ಪ್ಯಾನಲ್‌ಗಳಲ್ಲಿ ಹೆಚ್ಚಾಗಿ ಹಾಕುವ ಶಾಟ್ಕಿ ಡಯೋಡ್‌ಗೆ ಅದರ ಅರ್ಧದಷ್ಟು ಸಾಕು. ಈ ಚಿಕ್ಕ ವೋಲ್ಟೇಜ್ ಎಲ್ಲಿಗೂ ಹೋಗಲ್ಲ, ಡಯೋಡ್‌ನಲ್ಲೇ ಬಿಸಿಯಾಗಿ ಉಳಿಯುತ್ತೆ. 10 ಆಂಪಿಯರ್ ಹರಿಯುವಾಗ 0.5 ವೋಲ್ಟ್ ಬಿದ್ದರೆ 5 ವಾಟ್ ಬಿಸಿ. ಗಾಳಿಯಾಡದ ಸಣ್ಣ ಡಬ್ಬಿಗೆ, ಅದೂ ಮಧ್ಯಾಹ್ನದ ಬಿಸಿಲಲ್ಲಿ, ಇದು ಕಡಿಮೆಯೇನಲ್ಲ.

ಪ್ಯಾನಲ್‌ಗೆ ಡಯೋಡ್ ಯಾಕೆ ಬೇಕು? 72 ಸೆಲ್ ಇರುವ ಪ್ಯಾನಲ್‌ನಲ್ಲಿ ಸೆಲ್‌ಗಳೆಲ್ಲ ಸಾಲಾಗಿ ಒಂದರ ಹಿಂದೆ ಒಂದು ಜೋಡಿಸಿರುತ್ತವೆ. ಒಂದು ಸೆಲ್ ಮೇಲೆ ತೆಂಗಿನ ಗರಿಯ ನೆರಳು ಬಿತ್ತು, ಇಲ್ಲವೇ ಹಕ್ಕಿ ಹಿಕ್ಕೆ ಹಾಕಿತು ಅಂದುಕೊಳ್ಳಿ. ಆ ಸೆಲ್ ಕರೆಂಟ್ ಹುಟ್ಟಿಸಲ್ಲ, ಉಳಿದ ಸೆಲ್‌ಗಳು ತಮ್ಮ ಕರೆಂಟನ್ನು ಅದರ ಮೂಲಕವೇ ತಳ್ಳುತ್ತವೆ. ಆಗ ಅದು ಹೀಟರ್ ಕಾಯಿಲ್ ತರ ಕಾಯುತ್ತೆ. ಹೀಗಾಗದಿರಲಿ ಅಂತ 24 ಸೆಲ್‌ಗೆ ಒಂದರಂತೆ ಮೂರು ಬೈಪಾಸ್ ಡಯೋಡ್ ಹಾಕಿರುತ್ತಾರೆ. ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟ್ ಡಯೋಡ್ ಮೂಲಕ ಪಕ್ಕಕ್ಕೆ ಹೋಗುತ್ತೆ. ಈಗ ಬರುತ್ತಿರುವ ಹಾಫ್ ಕಟ್ ಪ್ಯಾನಲ್‌ಗಳಲ್ಲೂ ಸಾಮಾನ್ಯವಾಗಿ ಮೂರೇ ಡಯೋಡ್, ಆದರೆ ಮೂರು ಬೇರೆ ಬೇರೆ ಡಬ್ಬಿಯಲ್ಲಿರುತ್ತವೆ.

ಡಯೋಡ್ ಕೆಡೋದು ಮುಖ್ಯವಾಗಿ ಎರಡು ರೀತಿ. ಮತ್ತೆ ವಾಲ್ವ್ ನೆನಪಿಸಿಕೊಳ್ಳಿ. ಕಲ್ಲು ಸಿಕ್ಕಿ ತೆರೆದೇ ಉಳಿದ ವಾಲ್ವ್ ಎರಡೂ ಕಡೆ ನೀರು ಬಿಡುತ್ತೆ, ಅದು ಶಾರ್ಟ್. ತುಕ್ಕು ಹಿಡಿದು ಮುಚ್ಚಿಕೊಂಡದ್ದು ಯಾವ ಕಡೆಗೂ ಬಿಡಲ್ಲ, ಅದು ಓಪನ್. ಹತ್ತಿರದಲ್ಲಿ ಸಿಡಿಲು ಬಡಿದಾಗ ತಂತಿಯಲ್ಲಿ ಏಳುವ ವೋಲ್ಟೇಜ್ ಡಯೋಡ್ ತಡೆಯುವ ಮಿತಿ ದಾಟಿದರೆ ಅದು ಹೆಚ್ಚಾಗಿ ಶಾರ್ಟ್ ಆಗುತ್ತೆ. ಸಿಡಿಲು ಪ್ಯಾನಲ್ ಮೇಲೇ ಬೀಳಬೇಕು ಅಂತೇನಿಲ್ಲ.

ಶಾರ್ಟ್ ಆದರೆ ಪ್ಯಾನಲ್‌ನ ಮೂರನೇ ಒಂದು ಭಾಗ ನಿಮ್ಮ ಪಾಲಿಗೆ ಇಲ್ಲ. ಆ ಭಾಗದ ಸೆಲ್‌ಗಳ ಕರೆಂಟೆಲ್ಲ ಡಯೋಡ್‌ನಲ್ಲೇ ಸುತ್ತುತ್ತಾ ಡಬ್ಬಿ ಕಾಯುತ್ತಿರುತ್ತೆ. ನಮ್ಮ ಕಡೆ ಒಬ್ಬರ ಹೊಲದಲ್ಲಿ ಹತ್ತು ಪ್ಯಾನಲ್ ಸಾಲು. ಮೋಟಾರ್ ಹೋಗಿದೆ ಅಂತ ಮೆಕ್ಯಾನಿಕ್ ಹೇಳಿ ಆಗಿತ್ತು. ಒಂದೊಂದೇ ಪ್ಯಾನಲ್ ಅಳೆದು ನೋಡಿದೆ. ಆರು ಪ್ಯಾನಲ್ 41 ವೋಲ್ಟ್ ಆಸುಪಾಸು ತೋರಿಸಿದವು, ಮೂರು 27, ಒಂದು ಬರೀ 14. ಒಟ್ಟು 410 ಬರಬೇಕಾದ ಕಡೆ 341. ಮೋಟಾರ್‌ಗೆ ಏನೂ ಆಗಿರಲಿಲ್ಲ. ಐದು ಡಯೋಡ್ ಶಾರ್ಟ್ ಆಗಿದ್ದವು, ಒಂದಕ್ಕೆ ನೂರು ರೂಪಾಯಿಯೂ ಆಗಲ್ಲ.

ಓಪನ್ ಆದ ಡಯೋಡ್ ಇನ್ನೂ ಮೋಸಗಾರ. ವೋಲ್ಟೇಜ್ ಸರಿಯಾಗೇ ತೋರಿಸುತ್ತೆ, ನೀರೂ ಬರುತ್ತೆ. ನೆರಳು ಬಿದ್ದ ದಿನ ಮಾತ್ರ ಸೆಲ್ ಕಾಯ್ದು ಹಿಂಬದಿಯ ಹಾಳೆ ಕಂದುಬಣ್ಣಕ್ಕೆ ತಿರುಗುತ್ತೆ, ಗಾಜು ಸೀಳುತ್ತೆ, ಒಮ್ಮೊಮ್ಮೆ ಕೆಳಗೆ ಒಣಹುಲ್ಲಿದ್ದರೆ ಬೆಂಕಿಗೂ ದಾರಿ. ಪ್ಯಾನಲ್ ಚೌಕಟ್ಟಿಗೆ ಹೀರೇಕಾಯಿ ಬಳ್ಳಿ ಹಬ್ಬಿಸಿದವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ತಿಂಗಳಿಗೊಮ್ಮೆ ಪ್ಯಾನಲ್ ಹಿಂಬದಿಯನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದು ಹಿಂದಿನ ಫೋಟೋ ಜೊತೆ ಹೋಲಿಸಿ, ಕಲೆ ಬೇಗ ಗೊತ್ತಾಗುತ್ತೆ.

ಅಳೆಯುವಾಗ ಒಂದು ವಿಷಯದಲ್ಲಿ ಹುಷಾರು. ಸಾಲಾಗಿ ಜೋಡಿಸಿದ ಪ್ಯಾನಲ್‌ಗಳ ಒಟ್ಟು ಡಿಸಿ ವೋಲ್ಟೇಜ್ ಪ್ರಾಣ ತೆಗೆಯುವಷ್ಟಿರುತ್ತೆ. ಪಂಪ್ ಓಡುವಾಗ ಕನೆಕ್ಟರ್ ಎಳೆದರೆ ಕಿಡಿ ಹಾರುತ್ತೆ, ಡಿಸಿ ಕಿಡಿ ಮನೆ ಕರೆಂಟಿನಂತೆ ತಾನಾಗಿ ಬೇಗ ಆರಲ್ಲ. ಮೊದಲು ಪಂಪ್ ಆಫ್, ಆಮೇಲೆ ಐಸೊಲೇಟರ್ ಆಫ್, ನಂತರವೇ ಕನೆಕ್ಟರ್. ಒದ್ದೆ ಕೈ, ಒದ್ದೆ ನೆಲ ಇದ್ದರೆ ಆ ದಿನ ಬಿಟ್ಟುಬಿಡಿ. ಅಭ್ಯಾಸ ಇಲ್ಲದವರು ತಿಳಿದವರನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮಲ್ಟಿಮೀಟರ್ ಡಿಸಿ ವೋಲ್ಟ್ 200ರಲ್ಲಿರಲಿ, ಕೆಂಪು ವೈರ್ 10 ಆಂಪಿಯರ್ ತೂತಿನಲ್ಲಿ ಇರಬಾರದು. ಒಂದು ಸಲಕ್ಕೆ ಒಂದೇ ಪ್ಯಾನಲ್ ಅಳೆಯಿರಿ. ಲೇಬಲ್‌ನಲ್ಲಿರುವ ವೋಲ್ಟೇಜ್‌ಗಿಂತ ಬಿಸಿಲಲ್ಲಿ ಸ್ವಲ್ಪ ಕಡಿಮೆ ಬರೋದು ಸಹಜ, ಅದಕ್ಕೆ ಪಕ್ಕದ ಪ್ಯಾನಲ್ ಜೊತೆಗೇ ಹೋಲಿಸಬೇಕು. ಮೂರನೇ ಒಂದರಷ್ಟು ಕಡಿಮೆ ಇದ್ದರೆ ಡಯೋಡ್ ಮೇಲೆ ಅನುಮಾನ ಪಡಿ.

ಡಬ್ಬಿ ಬಿಚ್ಚುವ ಮೊದಲು ವಾರಂಟಿ ನೋಡಿ. ಪಿಎಂ-ಕುಸುಮ್ ಯೋಜನೆಯ ಪಂಪ್ ಆದರೆ 5 ವರ್ಷದ ನಿರ್ವಹಣೆ ಹಾಕಿಕೊಟ್ಟ ಕಂಪನಿಯ ಹೊಣೆ, ನೀವು ಕೈ ಹಾಕಬೇಡಿ, ಅಳತೆಯ ಫೋಟೋ ಸಮೇತ ದೂರು ಕೊಡಿ. ವಾರಂಟಿ ಮುಗಿದಿದ್ದರೆ ಪ್ಯಾನಲ್ ಬಿಡಿಸಿ, ಗೋಣಿ ಹೊದಿಸಿ, ಬೆಳಕು ಹೋದ ಮೇಲೆ ಡಯೋಡ್ ಪರೀಕ್ಷಿಸಬಹುದು. ಮೀಟರ್‌ನಲ್ಲಿ ಡಯೋಡ್ ಗುರುತಿಗೆ ತಿರುಗಿಸಿ. ಕಪ್ಪು ವೈರ್ ಬೆಳ್ಳಿ ಪಟ್ಟಿ ಇರುವ ಕಡೆ, ಕೆಂಪು ಇನ್ನೊಂದು ಕಡೆ. ಶಾಟ್ಕಿ ಆದರೆ 200ರ ಆಸುಪಾಸು, ಚಾರ್ಜರ್‌ಗಳಲ್ಲಿ ಸಿಗುವ 1ಎನ್4007 ಆದರೆ 500ರಿಂದ 600 ತೋರಿಸಬೇಕು. ವೈರ್ ಅದಲುಬದಲು ಮಾಡಿದರೆ ಏನೂ ತೋರಿಸಬಾರದು. ಎರಡೂ ಕಡೆ ಸೊನ್ನೆ ಹತ್ತಿರ ಬಂದರೆ ಶಾರ್ಟ್, ಎರಡೂ ಕಡೆ ಏನೂ ಬರದಿದ್ದರೆ ಓಪನ್. ಹೊಸದನ್ನು ಹಾಕುವಾಗ ಹಳೆಯದರಷ್ಟೇ ಅಥವಾ ಹೆಚ್ಚಿನ ಆಂಪಿಯರ್‌ನದು ತನ್ನಿ, ಪಟ್ಟಿ ಮೊದಲಿದ್ದ ಕಡೆಗೇ ಬರಲಿ. ಅಂಗಡಿಯವರು 1ಎನ್4007 ಕೊಟ್ಟು ಇದೇ ಸಾಕು ಅಂದರೆ ಒಪ್ಪಬೇಡಿ, ಅದು ತಾಳೋದು 1 ಆಂಪಿಯರ್ ಮಾತ್ರ.

ಟ್ರ್ಯಾಕ್ಟರ್ ಇರುವವರಿಗೆ ಇನ್ನೊಂದು ಮಾತು. ಆಲ್ಟರ್ನೇಟರ್ ಒಳಗೂ ಡಯೋಡ್‌ಗಳಿವೆ. ಬ್ಯಾಟರಿ ಉಲ್ಟಾ ಜೋಡಿಸಿದರೆ ಕ್ಷಣದಲ್ಲಿ ಸುಟ್ಟುಹೋಗಬಹುದು, ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತರೂ ಕೆಡುವ ಅಪಾಯ ಇದೆ. ರಾತ್ರಿ ಸುಮ್ಮನೆ ನಿಂತ ಟ್ರ್ಯಾಕ್ಟರ್‌ನ ಹೊಸ ಬ್ಯಾಟರಿ ಬೆಳಗ್ಗೆ ಖಾಲಿಯಾಗಿದ್ದರೆ ಈ ಡಯೋಡ್‌ಗಳನ್ನೂ ಪರೀಕ್ಷೆ ಮಾಡಿಸಿ. ಟ್ರ್ಯಾಕ್ಟರ್‌ಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಎರಡೂ ವೈರ್ ಬಿಚ್ಚಿಸಿ, ವೆಲ್ಡಿಂಗ್ ಅಂಗಡಿಯವರು ಬೇಡ ಅಂದರೂ ಸರಿ.