ಲಸಿಕೆ ಹಾಕಿಸಿದರೂ ಕೋಳಿ ಸಾಯೋದು ಯಾಕೆ? ಗುಂಬೊರೊ ರೋಗ ತಿಳಿಯಿರಿ

ನಾನು ಓದಿದ್ದು ತೋಟಗಾರಿಕೆ. ಆದರೆ ಸಾವಯವ ತೋಟ ಅಂದಮೇಲೆ ಹುಳ ಹೆಕ್ಕೋಕೆ, ಗೊಬ್ಬರಕ್ಕೆ ನಾಲ್ಕು ನಾಟಿ ಕೋಳಿ ಇರಲೇಬೇಕು. ಕೋಳಿ ಸಾಕುವ ಗೆಳೆಯರು ನನ್ನನ್ನು ಹೆಚ್ಚಾಗಿ ಕೇಳೋದು ಇದು: "ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸಿದ್ವಿ, ಆದರೂ ಅದೇ ರೋಗಕ್ಕೆ ಸತ್ತವಲ್ಲ, ಯಾಕೆ?" ತಂಪಿನಲ್ಲಿ ಇಡದೆ ಲಸಿಕೆ ಕೆಟ್ಟಿರಬಹುದು. ಇನ್ನೊಂದು ಕಾರಣ ಗುಂಬೊರೊ.

ಅಮೆರಿಕದ ಡೆಲವೇರ್ ರಾಜ್ಯದ ಗುಂಬೊರೊ ಎಂಬ ಊರಿನಿಂದ ಈ ಹೆಸರು ಬಂತು. 1962ರಲ್ಲಿ ರೋಗದ ಮೊದಲ ವರದಿ ಪ್ರಕಟವಾಯಿತು.

ಒಳಗೆ ಆಗೋದೇನು?

ಮರಿಯ ಗುದದ್ವಾರದ ಮೇಲ್ಭಾಗದಲ್ಲಿ 'ಬರ್ಸಾ' ಅನ್ನೋ ಪುಟ್ಟ ಚೀಲವಿದೆ. ಪ್ರತಿಕಾಯ ತಯಾರಿಸುವ ಬಿ ಕೋಶಗಳು ಬಲಿಯೋದು ಅಲ್ಲೇ. ವೈರಸ್ ಈ ಎಳೆಯ ಕೋಶಗಳನ್ನೇ ಹುಡುಕಿ ಹೊಕ್ಕು, ಒಳಗೆ ಬೆಳೆಯುತ್ತೆ. ಕೆಲವು ಕೋಶ ಒಡೆದು ಸಾಯ್ತವೆ. ಇನ್ನು ಕೆಲವು ತಾವಾಗಿಯೇ ಕುಗ್ಗಿ ಚೂರಾಗ್ತವೆ. ವೈರಸ್ ಹೊಗದ ಪಕ್ಕದ ಕೋಶಗಳೂ ಹೀಗೆ ಸಾಯೋದುಂಟು. ಬರ್ಸಾ ಮೊದಲ 3–4 ದಿನ ಊದಿಕೊಂಡು, 8ನೇ ದಿನದ ಹೊತ್ತಿಗೆ ಸುಮಾರು ಮೂರನೇ ಒಂದು ಭಾಗಕ್ಕೆ ಕುಗ್ಗುತ್ತೆ.

ನರ್ಸರಿಯಲ್ಲೇ ಸಸಿ ಸತ್ತರೆ ನಾಟಿಗೆ ಏನು ಉಳಿಯುತ್ತೆ? ಇದೂ ಹಾಗೇ. ಬಿ ಕೋಶವೇ ಇಲ್ಲದಾಗ ಒಳ್ಳೆಯ ಲಸಿಕೆ ಕೊಟ್ಟರೂ ಸಾಕಷ್ಟು ಪ್ರತಿಕಾಯ ಹುಟ್ಟಲ್ಲ.

ವಯಸ್ಸು ಮುಖ್ಯ

3ರಿಂದ 6 ವಾರದ ಮರಿಗಳಲ್ಲಿ ಬಿಳಿ ನೀರು ಭೇದಿ, ಕೆದರಿದ ಗರಿ, ತೂಕಡಿಕೆ, ಸಾವು ಕಾಣ್ತವೆ. 3 ವಾರದೊಳಗೆ ತಗುಲಿದರೆ ಹೊರಗೆ ಏನೂ ಕಾಣದೇ ಇರಬಹುದು. ಆದರೆ ರೋಗನಿರೋಧಕ ಶಕ್ತಿಗೆ ಬೀಳುವ ಪೆಟ್ಟು ಆಗಲೇ ಹೆಚ್ಚು.

ನಾವು ಮಾಡಬೇಕಾದ್ದು

- ಮೊದಲ ದಿನಗಳಲ್ಲಿ ಮರಿಯನ್ನು ಕಾಯೋದು ತಾಯಿಯಿಂದ ಬಂದ ಪ್ರತಿಕಾಯ. ಮರಿ ತರುವಾಗ ತಾಯಿಕೋಳಿಗಳಿಗೆ ಗುಂಬೊರೊ ಲಸಿಕೆ ಆಗಿದೆಯಾ ಅಂತ ಕೇಳಿ.
- ಮರಿಗಳಿಗೆ ಸಾಮಾನ್ಯವಾಗಿ 12–14ನೇ ದಿನದ ಸುಮಾರಿಗೆ ಗುಂಬೊರೊ ಲಸಿಕೆ ಕೊಡ್ತಾರೆ. ತೀರಾ ಮುಂಚೆ ಕೊಟ್ಟರೆ ತಾಯಿಯ ಪ್ರತಿಕಾಯವೇ ಅದನ್ನು ಹೊಡೆದುಹಾಕುತ್ತೆ. ನಿಮ್ಮ ಪಶುವೈದ್ಯರಿಂದ ದಿನ ಗೊತ್ತುಮಾಡಿಕೊಳ್ಳಿ.
- ನೀರಿನಲ್ಲಿ ಕೊಡೋದಾದರೆ ಬ್ಲೀಚಿಂಗ್ ಪುಡಿ ಹಾಕಿದ ನೀರು ಬೇಡ.
- ಈ ವೈರಸ್ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಬದುಕುತ್ತೆ. ಒಂದು ತಂಡ ಮುಗಿದ ಮೇಲೆ ಹಳೇ ಹೊಟ್ಟು ಪೂರ್ತಿ ತೆಗೆದು, ತೊಳೆದು, ಸೋಂಕುನಿವಾರಕ ಸಿಂಪಡಿಸಿ, ಶೆಡ್ ಖಾಲಿ ಬಿಟ್ಟು ಆಮೇಲೆ ಹೊಸ ಮರಿ ತನ್ನಿ.
- ಆಂಟಿಬಯೋಟಿಕ್ ವೈರಸ್‌ಗೆ ನಾಟಲ್ಲ, ದುಡ್ಡು ಹಾಳು.

ಮರಿ ಸತ್ತರೆ ಹೂಳುವ ಮುಂಚೆ ಪಶು ಆಸ್ಪತ್ರೆಗೆ ಒಯ್ದು, ಕೊಯ್ದು ಬರ್ಸಾ ನೋಡಿಸಿ. ಮುಂದಿನ ತಂಡ ಉಳಿಸಿಕೊಳ್ಳೋ ದಾರಿ ಅಲ್ಲಿಂದಲೇ ಗೊತ್ತಾಗಬಹುದು.