ಬೆಂಗಳೂರಿನಲ್ಲಿ ಫ್ಲಾಟ್ ಖರೀದಿ: ವರ್ತಕರು ಮಾಡಿಕೊಳ್ಳಬೇಕಾದ ಲೆಕ್ಕ

ನಮ್ಮ ಸಂಸ್ಥೆಯ ಸದಸ್ಯ ಬಂಧುಗಳಲ್ಲಿ ಅನೇಕರು ಮಕ್ಕಳ ವಿದ್ಯಾಭ್ಯಾಸ ಅಥವಾ ಉದ್ಯೋಗದ ನಿಮಿತ್ತ ಬೆಂಗಳೂರಿನಲ್ಲಿ ಒಂದು ಫ್ಲಾಟ್ ಕೊಳ್ಳುವ ವಿಚಾರದಲ್ಲಿರುತ್ತಾರೆ. ಗೋದಾಮಿಗೆ ಬಂದ ಮೂಟೆಯನ್ನು ತೂಗದೆ, ಬಿಲ್ಲನ್ನು ತಾಳೆ ನೋಡದೆ ಇಳಿಸಿಕೊಳ್ಳದ ವರ್ತಕರು, ಆಯುಷ್ಯದ ಉಳಿತಾಯವನ್ನು ತೊಡಗಿಸುವ ಈ ಖರೀದಿಯಲ್ಲಿ ಮಾತ್ರ ಮಾದರಿ ಫ್ಲಾಟನ್ನೂ ಬಣ್ಣದ ಕರಪತ್ರವನ್ನೂ ನೋಡಿ ಮುಂಗಡ ಕೊಟ್ಟುಬಿಡುವುದು ಸೋಜಿಗದ ಸಂಗತಿ. ವ್ಯಾಪಾರದಲ್ಲಿ ನಾವು ನಿತ್ಯ ಅನುಸರಿಸುವ ತೂಕ, ದರ, ದಾಖಲೆ, ಗುಣ ಮತ್ತು ಬಂಡವಾಳ ಎಂಬ ಐದು ಪರೀಕ್ಷೆಗಳನ್ನೇ ಫ್ಲಾಟಿಗೂ ಅನ್ವಯಿಸಬೇಕೆಂಬುದು ಈ ಲೇಖನದ ಆಶಯ.

1. ತೂಕ

ಮಾರಾಟಗಾರರು ಹೇಳುವ ವಿಸ್ತೀರ್ಣವು ಸಾಮಾನ್ಯವಾಗಿ ‘ಸೂಪರ್ ಬಿಲ್ಟ್ ಅಪ್’ ವಿಸ್ತೀರ್ಣ. ಮೆಟ್ಟಿಲು, ಲಿಫ್ಟು, ಮೊಗಸಾಲೆ ಮುಂತಾದ ಸಾಮಾನ್ಯ ಭಾಗಗಳ ಪಾಲೂ ಅದರಲ್ಲಿ ಸೇರಿರುತ್ತದೆ. ಆದರೆ ನಮ್ಮ ಬಳಕೆಗೆ ಬರುವುದು ಕಾರ್ಪೆಟ್ ವಿಸ್ತೀರ್ಣ ಮಾತ್ರ. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ಇದಕ್ಕೆ ಸ್ಪಷ್ಟ ವ್ಯಾಖ್ಯೆ ನೀಡಿದೆ: ಒಳಗೋಡೆಗಳು ಸೇರುತ್ತವೆ, ಹೊರಗೋಡೆ, ಬಾಲ್ಕನಿ ಮತ್ತು ತೆರೆದ ತಾರಸಿ ಸೇರುವುದಿಲ್ಲ. ಆದುದರಿಂದ ಎರಡು ಫ್ಲಾಟುಗಳನ್ನು ಹೋಲಿಸುವಾಗ ಕಾರ್ಪೆಟ್ ಅಡಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು.

ಭೂಮಿಯಲ್ಲಿ ನಮಗೆ ದೊರೆಯುವ ಅವಿಭಜಿತ ಪಾಲು ಎಷ್ಟೆಂಬುದನ್ನೂ ಕರಾರಿನಲ್ಲಿ ನೋಡತಕ್ಕದ್ದು. ಕಟ್ಟಡ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಮುಂದೆ ಬೆಲೆ ಉಳಿಸಿಕೊಡುವುದು ನೆಲ.

2. ದರ

ಒಂದು ಉದಾಹರಣೆ ನೋಡೋಣ. 1,400 ಚದರ ಅಡಿಯ, ನಿರ್ಮಾಣ ಹಂತದಲ್ಲಿರುವ ಫ್ಲಾಟ್, ಅಡಿಗೆ ರೂ. 6,500, ಕಾರ್ಪೆಟ್ ವಿಸ್ತೀರ್ಣ 980 ಅಡಿ ಎಂದಿಟ್ಟುಕೊಳ್ಳಿ.

ಮೂಲ ಬೆಲೆ: ರೂ. 91,00,000
ಕಾರು ನಿಲುಗಡೆ ಮತ್ತಿತರ ಬಾಬ್ತು: ರೂ. 5,00,000
ಜಿ.ಎಸ್.ಟಿ. ಶೇ. 5: ರೂ. 4,80,000
ಮುದ್ರಾಂಕ ಶುಲ್ಕ, ಸೆಸ್ ಮತ್ತು ಸರ್ಚಾರ್ಜ್ ಸೇರಿ ಶೇ. 5.6: ರೂ. 5,37,600
ನೋಂದಣಿ ಶುಲ್ಕ ಶೇ. 2: ರೂ. 1,92,000
ಒಟ್ಟು: ರೂ. 1,08,09,600

ಇದನ್ನು 980ರಿಂದ ಭಾಗಿಸಿದರೆ ಬಳಕೆಯ ಪ್ರತಿ ಅಡಿಗೆ ಬೀಳುವ ದರ ಸುಮಾರು ರೂ. 11,030. ಕರಪತ್ರದಲ್ಲಿದ್ದುದು 6,500 ಎಂಬುದನ್ನು ನೆನಪಿಡಿ. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿರುವುದರಿಂದ ಹಳೆಯ ಅಂದಾಜುಗಳನ್ನು ನಂಬಿ ಕೂರಬಾರದು. ಪೂರ್ಣಗೊಂಡ ಪ್ರಮಾಣಪತ್ರ ಬಂದ ನಂತರ ಇಡೀ ಹಣ ಕೊಟ್ಟು ಕೊಂಡರೆ ಜಿ.ಎಸ್.ಟಿ. ಬೀಳುವುದಿಲ್ಲ, ಆದುದರಿಂದ ಸಿದ್ಧ ಫ್ಲಾಟಿನ ದರ ಕೊಂಚ ಹೆಚ್ಚಿದ್ದರೂ ಕೆಲವೊಮ್ಮೆ ಅದೇ ಅಗ್ಗವಾಗುತ್ತದೆ.

ಬೆಲೆ ರೂ. 50 ಲಕ್ಷ ಅಥವಾ ಹೆಚ್ಚಿದ್ದಲ್ಲಿ ಕೊಳ್ಳುವವರು ಶೇ. 1ರಷ್ಟು ಟಿ.ಡಿ.ಎಸ್. ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಮಾರಾಟಗಾರರು ಅನಿವಾಸಿಯಾಗಿದ್ದರೆ ನಿಯಮವೂ ದರವೂ ಬೇರೆ. ‘ಸ್ವಲ್ಪ ನಗದಾಗಿ ಕೊಡಿ’ ಎಂಬ ಮಾತಿಗೆ ಒಪ್ಪಲೇಬಾರದು. ಸ್ಥಿರಾಸ್ತಿ ವ್ಯವಹಾರದಲ್ಲಿ ರೂ. 20,000 ಅಥವಾ ಅದಕ್ಕಿಂತ ಹೆಚ್ಚಿನ ನಗದು ಕಾನೂನುಬಾಹಿರ. ಅಲ್ಲದೆ, ಪತ್ರದಲ್ಲಿ ಕಾಣದ ಹಣ ಮುಂದೆ ಮಾರುವಾಗ ವೆಚ್ಚವೆಂದು ಪರಿಗಣಿತವಾಗದೆ, ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ.

3. ದಾಖಲೆ

ಮೂಲಪತ್ರ, ಭೂಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, ಕನಿಷ್ಠ 30 ವರ್ಷಗಳ ಋಣಭಾರ ಪ್ರಮಾಣಪತ್ರ ಮತ್ತು ಖಾತೆ: ಇವುಗಳನ್ನು ಬಿಲ್ಡರ್ ಸೂಚಿಸಿದ ವಕೀಲರಿಂದಲ್ಲ, ನಾವೇ ನೇಮಿಸಿದ ವಕೀಲರಿಂದ ಪರಿಶೀಲಿಸಬೇಕು. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತೆ ಅಗತ್ಯವಾಗಿದೆ. ಜನರಲ್ ಪವರ್ ಆಫ್ ಅಟಾರ್ನಿ ಮೂಲಕ ನಡೆಯುವ ‘ಮಾರಾಟ’ದಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲೇ ಸ್ಪಷ್ಟಪಡಿಸಿದೆ.

ಎಲ್ಲಕ್ಕಿಂತ ಹೆಚ್ಚಾಗಿ ಕೇಳಬೇಕಾದುದು ಸ್ವಾಧೀನಾನುಭವ ಪ್ರಮಾಣಪತ್ರ, ಜನರು ‘ಓ.ಸಿ.’ ಎನ್ನುವ ಪತ್ರ. ಕಟ್ಟಡ ನಕ್ಷೆಯಂತೆ ಕಟ್ಟಲ್ಪಟ್ಟಿದೆ ಎಂಬುದಕ್ಕೆ ಅದೇ ಆಧಾರ. ಇಂತಹ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ನಿರ್ದೇಶಿಸಿದ ಮೇಲೆ ‘ಆಮೇಲೆ ಬರುತ್ತದೆ ಬಿಡಿ’ ಎಂಬ ಭರವಸೆಗೆ ಬೆಲೆಯಿಲ್ಲ.

ನಿರ್ಮಾಣ ಹಂತದ ಯೋಜನೆಯಾದರೆ ಕರ್ನಾಟಕ ರೇರಾ ಜಾಲತಾಣದಲ್ಲಿ ನೋಂದಣಿ ಸಂಖ್ಯೆ, ಮುಕ್ತಾಯದ ದಿನಾಂಕ ಹಾಗೂ ದಾಖಲಾದ ದೂರುಗಳನ್ನು ನೋಡಬಹುದು. ಕರಾರು ನೋಂದಣಿಯಾಗುವ ಮುನ್ನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಸ್ವಾಧೀನದ ನಂತರ 5 ವರ್ಷಗಳೊಳಗೆ ಕಂಡ ಕಟ್ಟಡದ ದೋಷವನ್ನು ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಆದರೆ 500 ಚದರ ಮೀಟರ್ ಮೀರದ ನಿವೇಶನದ ಅಥವಾ 8 ಮನೆಗಳನ್ನು ಮೀರದ ಸಣ್ಣ ಯೋಜನೆಗಳಿಗೆ ಈ ನೋಂದಣಿ ಕಡ್ಡಾಯವಲ್ಲ. ಅಲ್ಲಿ ಎಚ್ಚರಿಕೆ ಇಮ್ಮಡಿ ಇರಬೇಕು.

4. ಗುಣ

ಫ್ಲಾಟನ್ನು ಒಮ್ಮೆ ಏಪ್ರಿಲ್‌ನಲ್ಲಿ, ಒಮ್ಮೆ ಮಳೆಗಾಲದಲ್ಲಿ ನೋಡುವುದು ಉತ್ತಮ. 2022ರ ಸೆಪ್ಟೆಂಬರ್ ಮಳೆಗೆ ಹೊರವರ್ತುಲ ರಸ್ತೆ, ಬೆಳ್ಳಂದೂರು ಭಾಗಗಳ ದುಬಾರಿ ಬಡಾವಣೆಗಳೂ ಜಲಾವೃತವಾದವು; 2024ರ ಬೇಸಿಗೆಯಲ್ಲಿ ನಗರದ ಅನೇಕ ಕಡೆ ಕೊಳವೆಬಾವಿ ಬತ್ತಿ ಟ್ಯಾಂಕರ್ ನೀರೇ ಗತಿಯಾಯಿತು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದೆಯಾದರೂ, ಆ ಕಟ್ಟಡಕ್ಕೆ ಸಂಪರ್ಕ ದೊರೆತಿದೆಯೇ ಎಂಬುದನ್ನು ಅಲ್ಲಿನ ನಿವಾಸಿಗಳನ್ನೇ ಕೇಳಬೇಕು. ನಿರ್ವಹಣಾ ಶುಲ್ಕ ಅಡಿಗೆ ರೂ. 4 ಎಂದರೆ ಅಲ್ಪವೆನಿಸುತ್ತದೆ. 1,400 ಅಡಿಗೆ ವರ್ಷಕ್ಕೆ ಅದು ರೂ. 67,200.

5. ಬಂಡವಾಳ

ಈ ಲೇಖನ ಬರೆಯಲು ಪ್ರೇರಣೆಯಾದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ನಾನು ಲೆಕ್ಕಪರಿಶೋಧನೆ ಮಾಡುತ್ತಿದ್ದ ಶೇಂಗಾ ಎಣ್ಣೆ ಗಿರಣಿಯ ಮಾಲೀಕರೊಬ್ಬರು 2018ರಲ್ಲಿ ಮಗನಿಗಾಗಿ ನಿರ್ಮಾಣ ಹಂತದ ಫ್ಲಾಟ್ ಕಾಯ್ದಿರಿಸಿ, ಗಿರಣಿಯ ಕ್ಯಾಷ್ ಕ್ರೆಡಿಟ್ ಖಾತೆಯಿಂದಲೇ ರೂ. 22 ಲಕ್ಷ ಕಂತು ಕಟ್ಟಿದರು. ಕಟ್ಟಡ ಎರಡು ವರ್ಷ ತಡವಾಯಿತು. ಸುಗ್ಗಿ ಬಂದಾಗ ಖರೀದಿಗೆ ಮಿತಿಯಲ್ಲಿ ಹಣ ಉಳಿದಿರಲಿಲ್ಲ. ದಲ್ಲಾಳರಲ್ಲಿ ಹೆಚ್ಚಿನ ದರಕ್ಕೆ ಸಾಲದ ಮಾಲು ತಂದರು. ಎರಡು ಪಾಳಿಯ ಗಿರಣಿ ಒಂದೇ ಪಾಳಿಗೆ ಇಳಿಯಿತು. ಆರು ಮಂದಿ ಹಮಾಲರು ಕೆಲಸ ಕಳೆದುಕೊಂಡರು. ಮಾರ್ಚ್ ಅಂತ್ಯದ ಲೆಕ್ಕದಲ್ಲಿ ಆ ಹಣ ಹೊರಗೆ ಹೋದುದನ್ನು ನಾನು ಕಂಡಿದ್ದೆ. ಹಿರಿಯರೆಂಬ ಸಂಕೋಚದಿಂದ ಮಾತೆತ್ತಲಿಲ್ಲ. ಅದು ನನ್ನ ತಪ್ಪು.

ದುಡಿಯುವ ಬಂಡವಾಳದ ಸಾಲವನ್ನು ಮನೆಗೆ ತಿರುಗಿಸಿದರೆ ಬ್ಯಾಂಕಿನ ಷರತ್ತು ಮುರಿದಂತಾಗುತ್ತದೆ. ಆ ಬಡ್ಡಿಯನ್ನು ವ್ಯಾಪಾರದ ವೆಚ್ಚವೆಂದು ತೋರಿಸಲೂ ಬಾರದು. ಕೈಯಿಂದ ಹಾಕುವ ಹಣ ವ್ಯಾಪಾರದ ಹೊರಗಿನ ಉಳಿತಾಯದಿಂದಲೇ ಬರಬೇಕು, ಉಳಿದುದಕ್ಕೆ ಗೃಹಸಾಲ. ರೂ. 60 ಲಕ್ಷಕ್ಕೆ ಶೇ. 8.5ರಂತೆ 20 ವರ್ಷಗಳ ಕಂತು ತಿಂಗಳಿಗೆ ಸುಮಾರು ರೂ. 52,070. ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿಯೂ ಇಲ್ಲ. ವ್ಯಾಪಾರ ಕುಂದಿದ ಆಷಾಢದಲ್ಲೂ ಈ ಕಂತನ್ನು ಗಲ್ಲಾಪೆಟ್ಟಿಗೆ ಮುಟ್ಟದೆ ಕಟ್ಟಬಲ್ಲೆನೇ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು. ಉತ್ತರ ಇಲ್ಲವೆಂದಾದರೆ, ಮಕ್ಕಳಿಗೆ ಬಾಡಿಗೆ ಮನೆ ಮಾಡಿಕೊಡುವುದರಲ್ಲಿ ಯಾವ ಕುಂದೂ ಇಲ್ಲ.

ಫ್ಲಾಟನ್ನು ಮುಂದಿನ ವರ್ಷವೂ ಕೊಳ್ಳಬಹುದು. ತಪ್ಪಿಹೋದ ಸುಗ್ಗಿ ಮಾತ್ರ ಮರಳಿ ಬರುವುದಿಲ್ಲ.