ಕಾಡುಗಿಡದ ಬೀಜ: ತೂಗಿ, ವಿಂಗಡಿಸಿ ಬಿತ್ತುವ ಕ್ರಮ

ಒಂದೇ ಒಡ್ಡಿನ ಮೇಲೆ ನಿಂತ ಎರಡು ಬೇವಿನ ಗಿಡಗಳ ಬೀಜ ಒಂದೇ ತೂಕ ಇರುವುದು ಅಪರೂಪ. ಒಂದೇ ಗಿಡದಲ್ಲೂ ಕೆಲವು ಬೀಜ ದುಂಡಗೆ ತುಂಬಿಕೊಂಡಿದ್ದರೆ ಕೆಲವು ಸಣಕಲಾಗಿರುತ್ತವೆ. ಹೊಂಗೆ, ಹುಣಸೆ, ಜಾಲಿಯದೂ ಇದೇ ಕಥೆ. ಇವನ್ನೆಲ್ಲ ಒಂದೇ ಚೀಲಕ್ಕೆ ಸುರಿದು ಬಿತ್ತಿದರೆ ಸಸಿಗಳು ಒಂದು ಎತ್ತರಕ್ಕೆ ಬರುವುದಿಲ್ಲ. ದೊಡ್ಡವು ಸಣ್ಣವನ್ನು ನೆರಳಲ್ಲಿ ಮುಚ್ಚುತ್ತವೆ, ಎಷ್ಟು ಬೀಜ ಬೇಕೆಂಬ ಲೆಕ್ಕವೂ ತಪ್ಪುತ್ತದೆ. ರಾಶಿಯಲ್ಲಿ ಬರೀ ದಪ್ಪ ಬೀಜ ಆರಿಸಿಕೊಂಡು ಉಳಿದದ್ದನ್ನು ಚೆಲ್ಲಿದರೆ ಇನ್ನೂ ದೊಡ್ಡ ನಷ್ಟ. ಅದೇಕೆ ಎಂಬುದು ಐದನೇ ಹಂತದಲ್ಲಿದೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ವರ್ಷದ ಸರಾಸರಿ ಮಳೆ 600 ಮಿ.ಮೀ. ಮುಟ್ಟುವುದಿಲ್ಲ. ಬಾದಾಮಿಯ ಮರಳುಗಲ್ಲಿನ ಗುಡ್ಡದ ಬುಡದ ಮಸಾರಿ ಮಣ್ಣು ಬೇಗ ಒಣಗುತ್ತದೆ. ಹುನಗುಂದದ ಎರೆಮಣ್ಣು ಬಿರುಕು ಬಿಟ್ಟು ಎಳೆ ಬೇರನ್ನು ಹರಿಯುತ್ತದೆ. ಮೊಳಕೆಗೆ ಮೊದಲ ವಾರಗಳ ಆಹಾರ ಬೀಜದೊಳಗೇ ಇರುತ್ತದೆ. ತುಂಬಿದ ಬೀಜದ ಮೊಳಕೆ ಇಂಥ ನೆಲದಲ್ಲೂ ಬೇಗ ಬೇರು ಇಳಿಸುತ್ತದೆ. ಹಾಗಾಗಿ ಬೀಜದ ತೂಕ ನೋಡುವುದು ನಮ್ಮ ಕಡೆ ಹೆಚ್ಚು ಮುಖ್ಯ.

ಬೇಕಾದ ಸಾಮಾನು ಇಷ್ಟೇ: 0.1 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಬಟ್ಟೆಯ ಚೀಲಗಳು, ತಾಡಪಾಲು, ಸಣ್ಣ ಕೊಡತಿ, ಮೊರ, ಜರಡಿ, ಬಕೆಟ್, ಚಾಕು, ಒಂದು ವಹಿ, ಒಂದು ಪೆನ್ಸಿಲ್.

1. ತಾಯಿಗಿಡ ಗೊತ್ತುಮಾಡಿ

ರೋಗವಿಲ್ಲದ, ಹರೆಯದ, ಸೊಂಪಾಗಿ ಕಾಯಿ ಹಿಡಿದ ಗಿಡಗಳನ್ನು ಆರಿಸಿ. ಒಂಟಿಯಾಗಿ ದೂರದಲ್ಲಿ ನಿಂತ ಗಿಡಕ್ಕೆ ಬೇರೆ ಗಿಡದ ಪರಾಗ ಸಿಗುವುದು ಕಷ್ಟ, ಅದನ್ನು ಬಿಡಿ. ಒಂದಕ್ಕೊಂದು 50ರಿಂದ 100 ಮೀಟರ್ ಅಂತರವಿರುವ ಗಿಡಗಳಾದರೆ ಅವು ಹತ್ತಿರದ ಸಂಬಂಧಿಗಳಾಗಿರುವ ಸಾಧ್ಯತೆ ಕಡಿಮೆ. ಮನೆ ಮಟ್ಟದ ಕೆಲಸಕ್ಕೆ ಹತ್ತು ತಾಯಿಗಿಡ ಸಾಕು. ಸಾವಿರಾರು ಸಸಿ ಬೆಳೆಸುವವರಿಗೆ 25–30 ಇರಲಿ. ಪ್ರತಿ ಗಿಡಕ್ಕೂ ಒಂದು ನಂಬರು ಕೊಟ್ಟು, ನೆಲ ಎರೆಯೋ ಮಸಾರಿಯೋ, ಹತ್ತಿರ ಬಾವಿ, ಹಳ್ಳ, ಕಾಲುವೆ ಇದೆಯೋ ಎಂದು ವಹಿಯಲ್ಲಿ ಬರೆಯಿರಿ. ನೀರಿನ ಪಕ್ಕದ ಗಿಡದ ಬೀಜ ದಪ್ಪವಾಗುವುದಕ್ಕೆ ನೀರೇ ಕಾರಣವಾಗಿರಬಹುದು, ತಳಿಯ ಗುಣವೇ ಆಗಬೇಕೆಂದಿಲ್ಲ.

ಹೊಲದ ಬದು, ರಸ್ತೆಬದಿ, ಗುಡಿಯ ಆವರಣದಲ್ಲಿ ಕೇಳಿಕೊಂಡು ಆರಿಸಿ. ಮೀಸಲು ಅರಣ್ಯದಲ್ಲಾದರೆ ವಲಯ ಅರಣ್ಯ ಕಚೇರಿಯ ಅನುಮತಿ ಇಲ್ಲದೆ ಆರಿಸಬೇಡಿ. ಯಡಹಳ್ಳಿ ಚಿಂಕಾರ ಧಾಮದಂಥ ವನ್ಯಜೀವಿ ನೆಲೆಯ ಕಾಯಿಯನ್ನು ಪ್ರಾಣಿಗಳಿಗೆ ಬಿಡಿ.

2. ಹಣ್ಣಾದಾಗ ಆರಿಸಿ

ಹುಣಸೆ ಫೆಬ್ರುವರಿ–ಮಾರ್ಚ್, ತಪಸಿ ಮತ್ತು ಹೊಂಗೆ ಬೇಸಿಗೆಯಲ್ಲಿ, ಕರಿಜಾಲಿ ಏಪ್ರಿಲ್‌ನಿಂದ, ಬೇವು ಜೂನ್–ಜುಲೈನಲ್ಲಿ ಸಿಗುತ್ತವೆ. ಮೊದಲಿಗೆ ಉದುರುವ ಕಾಯಿಯಲ್ಲಿ ಹುಳುಕು ಮತ್ತು ಜೊಳ್ಳು ಹೆಚ್ಚು. ಗಿಡದ ತುಂಬ ಹಣ್ಣಾದ ಮೇಲೆ ಕೆಳಗೆ ತಾಡಪಾಲು ಹಾಸಿ, ನಾಲ್ಕೂ ದಿಕ್ಕಿನ ಟೊಂಗೆಗಳಿಂದ ಉದುರಿಸಿ. ಒಂದು ಗಿಡದ ಬೀಜ ಒಂದೇ ಚೀಲಕ್ಕೆ ಹೋಗಲಿ. ಒಳಗೊಂದು, ಹೊರಗೊಂದು ಗಿಡದ ನಂಬರಿನ ಚೀಟಿ ಇಡಿ. ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ನೀರು ತಾಗಿದರೆ ಹರಡುತ್ತದೆ.

3. ಹಸನು ಮಾಡಿ, ಒಣಗಿಸಿ

ಬೇವಿನ ಹಣ್ಣಿನ ತಿರುಳನ್ನು ಅದೇ ದಿನ ನೀರಲ್ಲಿ ಕಿವುಚಿ ತೊಳೆದು, ಬೀಜವನ್ನು ನೆರಳಲ್ಲಿ ಹರವಿ. ಕಾದ ಬಿಸಿಲಿಗೆ ಹಾಕಿದರೆ ಮೊಳೆಯುವ ಶಕ್ತಿ ಹೋಗುತ್ತದೆ. ಹೊಂಗೆ ಕಾಯಿಯನ್ನು ಒಣಗಿಸಿ ಸಣ್ಣ ಕೊಡತಿಯಿಂದ ಮೆಲ್ಲಗೆ ಬಡಿದು ಬಿಡಿಸಿ. ಜಾಲಿಕಾಯಿಯನ್ನು ಬಡಿದು ಮೊರದಲ್ಲಿ ಕೇರಿ. ಹಸಿ ಬೀಜ ನೀರಿನ ತೂಕವನ್ನೂ ತೋರಿಸುತ್ತದೆ. ಆದ್ದರಿಂದ ಎಲ್ಲ ಚೀಲದ ಬೀಜಗಳನ್ನೂ ಒಂದೇ ಜಾಗದಲ್ಲಿ, ಒಂದೇ ಅವಧಿ ಒಣಗಿಸಿದ ಮೇಲೆ ತೂಗಿ. ಹಾಗಾದರೆ ಮಾತ್ರ ಹೋಲಿಕೆ ಸರಿಯಾಗುತ್ತದೆ.

4. ನೂರರ ಲೆಕ್ಕದಲ್ಲಿ ತೂಗಿ

ಅಂತರರಾಷ್ಟ್ರೀಯ ಬೀಜ ಪರೀಕ್ಷಾ ಸಂಘದ ಕ್ರಮ ಸರಳವಾಗಿದೆ. ಚೀಲದ ಬೀಜವನ್ನು ಚೆನ್ನಾಗಿ ಕಲೆಸಿ, ಆರಿಸದೆ ನೂರು ಬೀಜ ಎಣಿಸಿ ತೂಗಿ. ಹೀಗೆ ಎಂಟು ಸಲ ತೂಗಿ ಸರಾಸರಿ ತೆಗೆಯಿರಿ. ಎಂಟು ತೂಕಗಳು ಒಂದಕ್ಕೊಂದು ತೀರಾ ದೂರವಿದ್ದರೆ ಕಲೆಸಿದ್ದು ಸಾಲದು ಎಂದರ್ಥ, ಮತ್ತೆ ಕಲೆಸಿ ತೂಗಿ.

ಆ ಸರಾಸರಿಯಿಂದ 1,00,000ವನ್ನು ಭಾಗಿಸಿದರೆ ಒಂದು ಕೆ.ಜಿ.ಯಲ್ಲಿ ಎಷ್ಟು ಬೀಜ ಎಂದು ಗೊತ್ತಾಗುತ್ತದೆ. ನೂರು ಹೊಂಗೆ ಬೀಜ 100 ಗ್ರಾಂ ಇದ್ದರೆ ಕೆ.ಜಿ.ಗೆ 1,000, 80 ಗ್ರಾಂ ಇದ್ದರೆ 1,250. 500 ಸಸಿ ಬೇಕು, ನೂರಕ್ಕೆ 70 ಮೊಳೆಯುತ್ತವೆ ಎಂದಿಟ್ಟುಕೊಳ್ಳಿ. ಆಗ ಸುಮಾರು 715 ಬೀಜ ಬೇಕು. ನೂರಕ್ಕೆ 100 ಗ್ರಾಂ ತೂಗುವ ಬೀಜವಾದರೆ 715 ಗ್ರಾಂ, 80 ಗ್ರಾಂ ತೂಗುವುದಾದರೆ 572 ಗ್ರಾಂ ಸಾಕು.

ಒಂದು ಕೆ.ಜಿ.ಯಲ್ಲಿ ಸಾಮಾನ್ಯವಾಗಿ ಸಿಗುವ ಬೀಜಗಳ ಅಂದಾಜು ಸಂಖ್ಯೆ:

- ಹೊಂಗೆ: 800–1,500
- ಹುಣಸೆ: 1,000–2,000
- ಬೇವು: 3,000–5,000
- ಶ್ರೀಗಂಧ: ಸುಮಾರು 6,000
- ಕರಿಜಾಲಿ: 5,000–11,000
- ತಪಸಿ (ರೆಕ್ಕೆ ಸಹಿತ): 25,000ಕ್ಕೂ ಹೆಚ್ಚು

ಒಂದೇ ಜಾತಿಯೊಳಗೂ ಇಷ್ಟು ಅಂತರವಿದೆ ಎಂಬುದನ್ನು ಗಮನಿಸಿ. ತಾಯಿಗಿಡದ ತಳಿ ಮತ್ತು ವಯಸ್ಸು, ಕಾಯಿ ತುಂಬುವ ಹೊತ್ತಿಗೆ ನೆಲದಲ್ಲಿದ್ದ ತೇವ, ಒಂದು ಕಾಯಿಯಲ್ಲಿರುವ ಬೀಜಗಳ ಸಂಖ್ಯೆ, ಕಾಯಿಯೊಳಗೆ ಬೀಜ ಕೂತ ಜಾಗ, ಇವೆಲ್ಲ ತೂಕವನ್ನು ಏರಿಳಿಸುತ್ತವೆ. ಹುಣಸೆಯ ಗಿಡ್ಡ ಕಾಯಿಯಲ್ಲಿ ಒಂದೆರಡೇ ಬೀಜ, ಉದ್ದ ಕಾಯಿಯಲ್ಲಿ ಎಂಟು-ಹತ್ತು ಬೀಜ ಇರುತ್ತವೆ. ಸಿಕ್ಕ ಆಹಾರವನ್ನು ಅವು ಹಂಚಿಕೊಳ್ಳಲೇಬೇಕು.

5. ಗಿಡದ ಒಳಗೇ ವಿಂಗಡಿಸಿ

ಇದೇ ಈ ಕೆಲಸದ ಜೀವಾಳ. ನೂರಕ್ಕೆ 120 ಗ್ರಾಂ ತೂಗುವ ಒಂದು ಹೊಂಗೆ ಗಿಡ, 80 ಗ್ರಾಂ ತೂಗುವ ಇನ್ನೊಂದು ಗಿಡ ಇವೆ ಎನ್ನಿ. ಎರಡರ ಬೀಜವನ್ನೂ ಕೂಡಿಸಿ ದಪ್ಪನೆಯದನ್ನಷ್ಟೇ ಆರಿಸಿದರೆ ಕೈಗೆ ಬರುವುದು ಬಹುಪಾಲು ಮೊದಲ ಗಿಡದ್ದೇ. ಹತ್ತು ಗಿಡ ಸುತ್ತಿದರೂ ತೋಪಿನಲ್ಲಿ ಒಂದೆರಡು ತಾಯಿಯ ಮಕ್ಕಳೇ ಉಳಿಯುತ್ತವೆ. ಮುಂದೆ ಒಂದು ರೋಗ, ಒಂದು ಭೀಕರ ಬರ ಬಂದರೆ ಎಲ್ಲಕ್ಕೂ ಒಟ್ಟಿಗೆ ಪೆಟ್ಟು ಬೀಳುತ್ತದೆ. ಬಾದಾಮಿಯ ಕಲ್ಲುಗುಡ್ಡದ ಮೇಲೆ ಬರಗಾಲಗಳನ್ನು ತಡೆದು ನಿಂತ ಗಿಡದ ಬೀಜ ಸಣ್ಣದಿರಬಹುದು. ಹಾಗೆಂದು ಅದನ್ನು ಚೆಲ್ಲಿದರೆ ಆ ತಾಳಿಕೆಯನ್ನೂ ಚೆಲ್ಲಿದಂತೆ.

ಆದ್ದರಿಂದ ಪ್ರತಿ ಗಿಡದ ಚೀಲವನ್ನು ಬೇರೆಯಾಗಿಯೇ ಸುರಿದು, ಆ ಗಿಡದ ಬೀಜಗಳಲ್ಲೇ ದಪ್ಪ, ನಡುತರ, ಸಣ್ಣ ಎಂದು ಮೂರು ಪಾಲು ಮಾಡಿ. ಬೇವು, ಜಾಲಿಗೆ ಜರಡಿ ಸಾಕು. ಹೊಂಗೆ, ಹುಣಸೆಗೆ ಕೈಯೇ ಸಾಕು. ದಪ್ಪ ಮತ್ತು ನಡುತರವನ್ನು ಬಿತ್ತಿ, ಮುರುಟಿದ ಸಣ್ಣ ಪಾಲನ್ನು ಮಾತ್ರ ಬಿಡಿ. ಪ್ರತಿ ತಾಯಿಯಿಂದಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯ ಬೀಜ ತೆಗೆದುಕೊಳ್ಳಿ.

6. ಜೊಳ್ಳು ಗುರುತಿಸಿ

ಜಾಲಿ, ಹುಣಸೆ ಬೀಜವನ್ನು ನೀರಿಗೆ ಹಾಕಿದರೆ ಹುಳು ಕೊರೆದದ್ದು ಮತ್ತು ಪೊಳ್ಳಾದದ್ದು ಸಾಮಾನ್ಯವಾಗಿ ತೇಲುತ್ತದೆ. ಆದರೆ ತೇಲಿದ್ದೆಲ್ಲ ಸತ್ತದ್ದಲ್ಲ. ಒಣಗಿದ ಬೇವಿನ ಬೀಜ ಒಳಗೆ ಗಾಳಿ ಇದ್ದು ತೇಲಬಹುದು. ತೇಲಿದವುಗಳಲ್ಲಿ ಹತ್ತನ್ನು ಚಾಕುವಿನಿಂದ ಸೀಳಿ ನೋಡಿ. ಬೇಳೆ ಗಟ್ಟಿಯಾಗಿ, ತುಂಬಿಕೊಂಡು, ಬೇವಿನಲ್ಲಾದರೆ ಹಸಿರಾಗಿ ಇದ್ದರೆ ಬೀಜ ಜೀವಂತ. ಕಂದಿದ್ದರೆ, ಪುಡಿಯಾಗಿದ್ದರೆ ಆ ಪಾಲನ್ನು ಬಿಡಿ.

7. ಉಪಚರಿಸಿ, ಪಾಲಿಗೊಂದು ಸಾಲಿನಂತೆ ಬಿತ್ತಿ

- ಬೇವು: ಎರಡು-ಮೂರು ವಾರದೊಳಗೆ ಬಿತ್ತಿಬಿಡಿ, ಬಹಳ ದಿನ ಇಡುವ ಬೀಜವಲ್ಲ.
- ಹೊಂಗೆ, ಹುಣಸೆ: ಒಂದು ರಾತ್ರಿ ತಣ್ಣೀರಲ್ಲಿ ನೆನೆಸಿ.
- ಕರಿಜಾಲಿ: ಬೀಜದ ಐದು ಪಟ್ಟು ನೀರನ್ನು ಕುದಿಸಿ ಇಳಿಸಿ, ಒಂದೆರಡು ನಿಮಿಷ ಬಿಟ್ಟು ಬೀಜ ಸುರಿದು, ರಾತ್ರಿಯಿಡೀ ತಾನಾಗಿ ಆರಲು ಬಿಡಿ. ಜಾಲಿಕಾಯಿ ತಿನ್ನುವ ಆಡುಗಳ ದೊಡ್ಡಿಯಲ್ಲಿ ಬಿದ್ದ ಬೀಜವೂ ಚೆನ್ನಾಗಿ ಮೊಳೆಯುತ್ತದೆ.
- ಶ್ರೀಗಂಧ: ಶೇಕಡ 0.05ರ ಜಿಬ್ಬೆರಲಿಕ್ ಆಮ್ಲದ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ. ಸಸಿಯ ಚೀಲದಲ್ಲೇ ಆಸರೆ ಗಿಡವಾಗಿ ಒಂದು ತೊಗರಿ ಹಾಕಿ.

ಬೀಜದ ದಪ್ಪದ ಒಂದರಿಂದ ಎರಡು ಪಟ್ಟು ಆಳಕ್ಕೆ ಊರಿ. ತಪಸಿಯಂಥ ಹಗುರ ಬೀಜಕ್ಕೆ ಮೇಲೆ ತೆಳುವಾಗಿ ಮರಳು ಉದುರಿಸಿದರೆ ಸಾಕು. ಬರೀ ಎರೆಮಣ್ಣನ್ನು ಸಸಿಯ ಚೀಲಕ್ಕೆ ತುಂಬಬೇಡಿ, ಮರಳು ಮತ್ತು ಕಳಿತ ತಿಪ್ಪೆಗೊಬ್ಬರ ಬೆರೆಸಿ. ಪ್ರತಿ ತಾಯಿಯ ದಪ್ಪ ಬೀಜದ ಸಾಲು ಬೇರೆ, ನಡುತರದ ಸಾಲು ಬೇರೆ ಇರಲಿ. ಆಗ ನೀರು, ನೆರಳು ಹೊಂದಿಸುವುದು ಸುಲಭ, ಯಾವ ಸಸಿಯೂ ದೊಡ್ಡದರ ನೆರಳಿಗೆ ಸಿಗುವುದಿಲ್ಲ.

8. ಲೆಕ್ಕ ಇಡಿ

ಪ್ರತಿ ಸಾಲಿಗೂ ತಾಯಿಗಿಡದ ನಂಬರು, ನೂರು ಬೀಜದ ತೂಕ, ಬಿತ್ತಿದ ದಿನಾಂಕ, 30ನೇ ದಿನ ಮೊಳೆತ ಸಂಖ್ಯೆ ಬರೆಯಿರಿ. ನಡುತರ ಬೀಜದ ಸಸಿ ಮೊದಲ ತಿಂಗಳುಗಳಲ್ಲಿ ಕುಳ್ಳಗಿದ್ದರೆ ನಿರಾಶರಾಗಬೇಡಿ. ಎಲೆ ಬಂದು ತಾನೇ ಆಹಾರ ತಯಾರಿಸತೊಡಗಿದ ಮೇಲೆ ಬೀಜದ ಗಾತ್ರದ ಪ್ರಭಾವ ಕಡಿಮೆಯಾಗುತ್ತಾ ಹೋಗುತ್ತದೆ. ನೆಡುವಾಗ ಬೇರೆ ಬೇರೆ ತಾಯಿಯ ಸಸಿಗಳನ್ನು ಬೆರೆಸಿ ನೆಡಿ. ಯಾವ ಸಸಿ ಎಲ್ಲಿದೆ ಎಂದು ವಹಿಯಲ್ಲಿ ಒಂದು ನಕ್ಷೆ ಬರೆದಿಡಿ. ಸಂದೇಹವಿದ್ದಲ್ಲಿ ಅರಣ್ಯ ಇಲಾಖೆಯ ಹತ್ತಿರದ ಸಸ್ಯಕ್ಷೇತ್ರದಲ್ಲಿ ವಿಚಾರಿಸಿ.

ಎರಡು ಬೇಸಿಗೆ ದಾಟಿದ ಮೇಲೆ ಆ ನಕ್ಷೆ ಹಿಡಿದು ಹೊಲ ಸುತ್ತಿ, ಉಳಿದ ಗಿಡಗಳ ತಾಯಿ ಯಾವುದೆಂದು ನೋಡಿ. ತಕ್ಕಡಿ ಸಸಿಮಡಿಯ ತನಕದ ಮಾತನ್ನು ಹೇಳುತ್ತದೆ. ನಮ್ಮ ನೆಲಕ್ಕೆ ಒಗ್ಗುವ ತಾಯಿಗಿಡ ಯಾವುದೆಂದು ಹೇಳುವುದು ಈ ಲೆಕ್ಕ. ಮುಂದಿನ ಸುಗ್ಗಿಗೆ ಆ ಗಿಡಗಳ ಬೀಜವನ್ನು ಹೆಚ್ಚು ತನ್ನಿ, ಉಳಿದ ತಾಯಿಗಳನ್ನೂ ಕೈಬಿಡಬೇಡಿ. ನೆರೆಯ ರೈತರಿಗೂ ಶಾಲೆಗಳಿಗೂ ಬೀಜ ಕೊಡುವಾಗ ಗಿಡದ ನಂಬರು, ಊರು, ನೂರು ಬೀಜದ ತೂಕ ಬರೆದ ಚೀಟಿಯನ್ನೂ ಜೊತೆಗೆ ಕೊಡಿ.